ಆಪ್ತಸಲಹೆ ಪ್ರಕರಣ: ಮಗನಿಗೆ ವಸತಿ ಕೇಂದ್ರ ಹುಡುಕುತ್ತಿದ್ದ ತಾಯಿ

(ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ಎಪ್ಪತ್ತರ ಸಮೀಪದ ತಾಯಿಯೊಬ್ಬರು ಮೂವತ್ತು ದಾಟಿದ ಮಗನೊಂದಿಗೆ ಸಲಹೆಗೆ ಬಂದಿದ್ದರು. ಮಗನಿಗೆ ಹುಟ್ಟಿನಿಂದ ಬೌದ್ಧಿಕ ಅಸಾಮರ್ಥ್ಯವಿದ್ದು, ಜೊತೆಗೆ ಅಪಸ್ಮಾರವೂ ಇದೆ. ಪತಿ ತೀರಿಕೊಂಡ ಮೇಲೆ ಮಗನ ಸ್ನಾನ, ಊಟ, ಮಾತ್ರೆ ಎಲ್ಲವೂ ಈ ತಾಯಿಯೊಬ್ಬರ ಮೇಲೆಯೇ ಬಿದ್ದಿತ್ತು. ಮಂಡಿನೋವಿನಿಂದಾಗಿ ಈಗ ಅದು ಅವರ ಕೈಮೀರುತ್ತಿತ್ತು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗಳು ಒಂದು ದೊಡ್ಡ ವಸತಿ ಕೇಂದ್ರವನ್ನು ಗುರುತಿಸಿದ್ದಳು. ಒಮ್ಮೆಗೇ ದೊಡ್ಡ ಮೊತ್ತದ ಠೇವಣಿ ಕಟ್ಟಿದರೆ ಜೀವನಪರ್ಯಂತ ನೋಡಿಕೊಳ್ಳುತ್ತೇವೆ ಎಂದು ಅಲ್ಲಿನವರು ಹೇಳಿದ್ದರು. "ನಾನು ಹೋದ ಮೇಲೆ ಇವನಿಗೆ ಒಂದು ನೆಲೆ ಅಂತ ಆದರೆ ಸಾಕು, ಮೇಡಂ," ಎಂಬುದು ತಾಯಿಯ ಮಾತು. ಮನೆ ಮಾರಿ ಆ ಹಣ ಹೊಂದಿಸುವ ಯೋಚನೆಯಲ್ಲಿ ಅವರಿದ್ದರು.

ಆ ಕೇಂದ್ರದ ಷರತ್ತುಗಳಲ್ಲಿ ಎರಡು ನನ್ನನ್ನು ಕಳವಳಕ್ಕೀಡುಮಾಡಿದವು. ಹುಡುಗ ಹೊಂದಿಕೊಳ್ಳಲೆಂಬ ಕಾರಣಕ್ಕೆ ಮೊದಲ ಮೂರು ತಿಂಗಳು ಮನೆಯವರು ಭೇಟಿಗೆ ಬರಬಾರದು ಎಂಬುದು ಒಂದು. ಕಾನೂನುಬದ್ಧ ಪಾಲಕತ್ವವನ್ನು ಸಂಸ್ಥೆಯ ಹೆಸರಿಗೇ ಮಾಡಿಕೊಡಬೇಕು ಎಂಬುದು ಇನ್ನೊಂದು. ತನಗೆ ನೋವಾದರೆ ಅದನ್ನು ಮಾತಿನಲ್ಲಿ ವಿವರಿಸಲಾರದ ವ್ಯಕ್ತಿಯ ಮಟ್ಟಿಗೆ, ಅವನ ಮೈಯನ್ನೂ ಮುಖವನ್ನೂ ಬಲ್ಲವರು ಆಗಾಗ ಬಂದು ನೋಡುವುದೇ ದೊಡ್ಡ ರಕ್ಷಣೆ. ಹೊಸ ಜಾಗದ ಮೊದಲ ದಿನಗಳಲ್ಲೇ ಅದನ್ನು ಕಿತ್ತುಕೊಳ್ಳುವ ನಿಯಮಕ್ಕೆ ಯಾವ ಕಾರಣ ಕೊಟ್ಟರೂ ಒಪ್ಪಬೇಡಿ ಎಂದು ಸ್ಪಷ್ಟವಾಗಿ ಹೇಳಿದೆ.

ಪಾಲಕತ್ವದ ವಿಷಯ ತಾಯಿಗೆ ಹೊಸದಾಗಿತ್ತು. ಹೆತ್ತವಳಾದ್ದರಿಂದ ತಾವೇ ಸದಾಕಾಲ ಪಾಲಕರು ಎಂದು ಅವರು ಭಾವಿಸಿದ್ದರು. ಆದರೆ ಮಗನಿಗೆ 18 ತುಂಬಿದ ಮೇಲೆ ಕಾನೂನಿನಲ್ಲಿ ಹಾಗಿಲ್ಲ. ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲೆಯ ಸ್ಥಳೀಯ ಮಟ್ಟದ ಸಮಿತಿಯು ಪಾಲಕರನ್ನು ನೇಮಿಸುತ್ತದೆ. ಹೀಗೆ ನೇಮಕಗೊಂಡವರು ಆಸ್ತಿಯ ಪಟ್ಟಿಯನ್ನೂ ವರ್ಷಕ್ಕೊಮ್ಮೆ ಲೆಕ್ಕವನ್ನೂ ಸಮಿತಿಗೆ ಸಲ್ಲಿಸಬೇಕು. ಅವರು ನಿರ್ಲಕ್ಷ್ಯ ತೋರಿದರೆ ಅಥವಾ ಆಸ್ತಿಯನ್ನು ದುರುಪಯೋಗಪಡಿಸಿಕೊಂಡರೆ ಅವರನ್ನು ತೆಗೆದುಹಾಕಲು ಅವಕಾಶವಿದೆ. ಆರೈಕೆ ಮಾಡುವವರೂ ಆ ಆರೈಕೆ ಹೇಗಿದೆಯೆಂದು ಪ್ರಶ್ನಿಸಬೇಕಾದವರೂ ಒಬ್ಬರೇ ಆಗಿಬಿಟ್ಟರೆ ಮಗನ ಪರವಾಗಿ ಕೇಳುವವರು ಉಳಿಯುವುದಿಲ್ಲ. ಆದ್ದರಿಂದ ತಾಯಿ ಮತ್ತು ಮಗಳು ಕೂಡಿ ಮಾತಾಡಿ, ಮಗಳ ಹೆಸರಿನಲ್ಲಿ ಅರ್ಜಿ ಸಲ್ಲಿಸುವಂತೆ ಸೂಚಿಸಿದೆ.

ಮಗನನ್ನು ಈವರೆಗೆ ಯಾರೂ ಏನೂ ಕೇಳಿರಲಿಲ್ಲ. ಅವನಿಗೆ ಗೊತ್ತಿರುವ ಪದಗಳು ಕಡಿಮೆ, ಆದರೆ ಇಷ್ಟಾನಿಷ್ಟಗಳು ಬಹಳ ಖಚಿತ. ಎರಡು ಕೇಂದ್ರಗಳ ಫೋಟೋ ತೋರಿಸಿ ಮಾತಾಡಿಸಿದಾಗ ಕಟ್ಟಡಗಳತ್ತ ಅವನು ನೋಡಲೇ ಇಲ್ಲ. ತಾಲೂಕು ಕೇಂದ್ರದಲ್ಲಿರುವ ಚಿಕ್ಕ ಸಂಸ್ಥೆಯ ಹಿತ್ತಲಿನಲ್ಲಿದ್ದ ಹಸುವಿನ ಮೇಲೆ ಬೆರಳಿಟ್ಟು ಬಹಳ ಹೊತ್ತು ಕುಳಿತ. ಇಷ್ಟರಿಂದಲೇ ತೀರ್ಮಾನಕ್ಕೆ ಬರಲಾಗದು, ಆದರೆ ಆ ಜಾಗವನ್ನೂ ನೋಡಿಬರಲು ಇದು ಸಾಕಷ್ಟು ಕಾರಣವೇ.

ನೋಡುವುದು ಹೇಗೆಂಬುದನ್ನು ವಿವರವಾಗಿ ಚರ್ಚಿಸಿದೆವು. ಗೋಡೆಯ ಮೇಲೆ ತೂಗುಹಾಕಿದ ಟ್ರಸ್ಟ್ ನೋಂದಣಿ ಪತ್ರವು ಆ ಸಂಸ್ಥೆ ಕಾನೂನಿನ ಪ್ರಕಾರ ಹುಟ್ಟಿದೆ ಎಂಬುದನ್ನಷ್ಟೇ ಹೇಳುತ್ತದೆ; 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಡಿ ಇಂಥ ಸಂಸ್ಥೆ ನಡೆಸಲು ಪ್ರತ್ಯೇಕ ನೋಂದಣಿ ಬೇಕು. ಅದರ ಅವಧಿ ಮುಗಿದಿಲ್ಲವೇ ಎಂಬುದನ್ನು ಜಿಲ್ಲೆಯ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬಹುದು. ವಿಶೇಷ ಶಿಕ್ಷಕರೆಂದು ಹೇಳಿಕೊಳ್ಳುವವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಕಾಗದಪತ್ರಕ್ಕಿಂತ ಹೆಚ್ಚು ತಿಳಿಯುವುದು ರಾತ್ರಿಯ ಬಗ್ಗೆ ಕೇಳಿದಾಗ. ಎರಡು ಗಂಟೆಗೆ ಫಿಟ್ಸ್ ಬಂದರೆ ಎಚ್ಚರವಿರುವವರು ಯಾರು, ಅವರಿಗೆ ಒಂದು ಪಕ್ಕಕ್ಕೆ ಹೊರಳಿಸಿ ಮಲಗಿಸಲು ಬರುತ್ತದೆಯೇ, ಯಾವ ಆಸ್ಪತ್ರೆಗೆ, ಯಾವ ವಾಹನದಲ್ಲಿ? ಅಪಸ್ಮಾರದ ಮಾತ್ರೆ ಏಕಾಏಕಿ ತಪ್ಪಿದರೆ ಫಿಟ್ಸ್ ಮರುಕಳಿಸುವ ಅಪಾಯವಿರುವುದರಿಂದ, ಮಾತ್ರೆ ಕೊಟ್ಟ ಹೊತ್ತು ಮತ್ತು ಸಹಿ ಇರುವ ಪುಸ್ತಕವನ್ನು ನೋಡಲು ಕೇಳಬೇಕು. ಕೇಂದ್ರದಲ್ಲಿ ವಾಸವಿರುವವರೆಲ್ಲ ಹಗಲಲ್ಲೂ ತೂಕಡಿಸುತ್ತಿದ್ದರೆ ಯಾವ ಔಷಧ, ಯಾವ ವೈದ್ಯರ ಸಲಹೆಯಂತೆ ಎಂದು ವಿಚಾರಿಸಬೇಕು. ತಿಳಿಸದೆ ಊಟದ ಹೊತ್ತಿಗೆ ಹೋಗಬೇಕು, ಸ್ನಾನಗೃಹ ನೋಡಬೇಕು, ಸಂಸ್ಥೆ ತಾನಾಗಿ ಪರಿಚಯಿಸಿದ ಕುಟುಂಬವನ್ನಷ್ಟೇ ಅಲ್ಲದೆ ಗೇಟಿನ ಬಳಿ ಸಿಕ್ಕ ಕುಟುಂಬವನ್ನೂ ಮಾತಾಡಿಸಬೇಕು.

ಹಣದ ಬಗ್ಗೆ ಸಲಹೆ ಚಿಕ್ಕದಾಗಿತ್ತು: ಮನೆ ಮಾರಬೇಡಿ, ತಿಂಗಳ ಶುಲ್ಕವನ್ನು ರಸೀದಿ ಪಡೆದು ಕೊಡಿ, ಬಿಟ್ಟುಬರುವಾಗ ಏನು ವಾಪಸು ಬರುತ್ತದೆ ಎಂಬುದು ಬರಹದಲ್ಲಿರಲಿ, ಮಾಸಾಶನದ ಪಾಸ್‌ಪುಸ್ತಕ ಮತ್ತು ಎಟಿಎಂ ಕಾರ್ಡನ್ನು ಯಾರ ಕೈಗೂ ಕೊಡಬೇಡಿ.

ತಾಯಿ ಮತ್ತು ಮಗಳು ಎರಡೂ ಕಡೆ ಹೋಗಿಬಂದರು. ದೊಡ್ಡ ಕೇಂದ್ರದಲ್ಲಿ ಮಾತ್ರೆ ಪುಸ್ತಕ ಕೇಳಿದಾಗ "ನಂಬಿಕೆ ಇಲ್ಲದಿದ್ದರೆ ಬೇರೆ ಕಡೆ ನೋಡಿ" ಎಂಬ ಉತ್ತರ ಬಂತಂತೆ. ಚಿಕ್ಕ ಸಂಸ್ಥೆಯಲ್ಲಿ ಗೋಡೆಗೆ ಬಣ್ಣವಿರಲಿಲ್ಲ, ಆದರೆ ಪುಸ್ತಕವಿತ್ತು. ಅಲ್ಲಿನ ಆಯಾ ತಾಯಿಯೊಡನೆ ಮಾತಿಗೆ ತೊಡಗುವ ಮೊದಲು ಮಗನ ಹೆಸರು ಹಿಡಿದು ಅವನನ್ನು ಮಾತಾಡಿಸಿದ್ದರು. ಅಲ್ಲಿ ರಾತ್ರಿಪಾಳಿಗೆ ಒಬ್ಬರೇ ಇದ್ದಾರೆ, ಅವರಿಗೆ ಪ್ರಥಮ ಚಿಕಿತ್ಸೆಯ ತರಬೇತಿ ಇಲ್ಲ. ಈ ಕೊರತೆಯನ್ನು ಸಂಸ್ಥೆಯವರೇ ಹೇಳಿದ್ದು ಒಳ್ಳೆಯದೇ ಆದರೂ, ಅದು ನೀಗುವವರೆಗೆ ರಾತ್ರಿ ವಾಸ್ತವ್ಯ ಬೇಡವೆಂದು ನಾನು ಒತ್ತಾಯಿಸಿದೆ. ಸದ್ಯ ಅವನು ಹಗಲು ಮಾತ್ರ ಅಲ್ಲಿರುತ್ತಾನೆ, ತಾಯಿ ಸಂಜೆ ಬಸ್ಸಿನಲ್ಲಿ ಕರೆತರುತ್ತಾರೆ. ಪಾಲಕತ್ವದ ಅರ್ಜಿ ಸಲ್ಲಿಕೆಯಾಗಿದೆ. ರಾತ್ರಿಪಾಳಿಯವರ ತರಬೇತಿ ಮುಗಿದ ಬಳಿಕ ವಾರಾಂತ್ಯದ ಎರಡು ರಾತ್ರಿ ಉಳಿಸಿ, ಅವನ ನಿದ್ದೆ, ಊಟ ಮತ್ತು ಮೈಮೇಲಿನ ಗುರುತುಗಳನ್ನು ಗಮನಿಸಿ ಮುಂದಿನ ಮಾತು ಆಡುವುದೆಂದು ನಿರ್ಧಾರವಾಗಿದೆ.