ಡೆಟ್ರಾಯ್ಟ್‌ನಲ್ಲಿ 8 ಮೈಲ್ ರಸ್ತೆಯ ದಕ್ಷಿಣಕ್ಕೆ ಮನೆ ಮಾಡಬೇಡಿ ಅನ್ನುತ್ತಾರೆ, ನಿಜಾನಾ?

8 ಮೈಲ್ ಅಂದರೆ ಅಮೆರಿಕದ ಡೆಟ್ರಾಯ್ಟ್ ನಗರದ ಉತ್ತರ ಗಡಿಯ ರಸ್ತೆ. ಅದರ ದಕ್ಷಿಣಕ್ಕೆ ನಗರ, ಉತ್ತರಕ್ಕೆ ಸಬರ್ಬ್‌ಗಳು. ಕೆಲಸ ಡೌನ್‌ಟೌನ್ ಡೆಟ್ರಾಯ್ಟ್‌ನಲ್ಲಿ, ಕಾರಿಲ್ಲ, ಒಬ್ಬರೇ ಬರುತ್ತಿದ್ದೀರಿ, 'ಸೇಫ್' ಏರಿಯಾ ಬೇಕು. 2014ರಲ್ಲಿ ನಾನೂ ಇದನ್ನೇ ಕೇಳಿಕೊಂಡು ಓಡಾಡಿದ್ದೆ. ನೋವೈ ಅನ್ನುವ ಸಬರ್ಬ್‌ನಲ್ಲಿ ಮನೆ ಹಿಡಿ ಎಂದರು ನಮ್ಮವರು, ಹಿಡಿದೆ.

ನೋವೈ ಚೆನ್ನಾಗಿಯೇ ಇದೆ. ನಮ್ಮವರು ಜಾಸ್ತಿ, ಇಂಡಿಯನ್ ಅಂಗಡಿ ಹತ್ತಿರ, ಶಾಲೆ ಫಸ್ಟ್ ಕ್ಲಾಸ್ (ನನಗಾಗ ಮದುವೆಯೇ ಆಗಿರಲಿಲ್ಲ, ಶಾಲೆ ಕಟ್ಟಿಕೊಂಡು ಏನು ಮಾಡಲಿ). ಒಂದು ವರ್ಷದ ಲೀಸಿಗೆ ಸೈನ್ ಹಾಕಿದ ಮೇಲೆ ಬಸ್ ಸ್ಟಾಪ್ ಹುಡುಕಿದೆ. ಬಸ್ಸೇ ಇಲ್ಲ! ಅಲ್ಲಿ ನಗರಕ್ಕೆ ಒಂದು ಬಸ್ ಸಂಸ್ಥೆ, ಸುತ್ತಲಿನ ಸಬರ್ಬ್‌ಗಳಿಗೆ 'ಸ್ಮಾರ್ಟ್' ಅಂತ ಬೇರೆ. ಬೇಡ ಅನ್ನುವ ಊರು ತೆರಿಗೆಯೂ ಕಟ್ಟದೆ, ಬಸ್ಸೂ ಇಲ್ಲದೆ ಹೊರಗುಳಿಯಬಹುದಿತ್ತು. ನೋವೈ ಹೊರಗಿತ್ತು. ಆಫೀಸು ಹತ್ತಿರ ಹತ್ತಿರ 30 ಮೈಲಿ. ಬೆಳಿಗ್ಗೆ ಸಹೋದ್ಯೋಗಿಗಳ ಕಾರಿಗೆ ಕಾಯುವುದು, ಅವರಿಗೆ ರಜೆ ಇದ್ದರೆ ಟ್ಯಾಕ್ಸಿ, ಸಂಜೆ ಮೀಟಿಂಗ್ ಎಳೆದರೆ ಮತ್ತೆ ಟ್ಯಾಕ್ಸಿ. ಲೀಸ್ ಮುರಿದರೆ ದಂಡ ಬೇರೆ. ಲೈಸೆನ್ಸ್ ಸಿಕ್ಕಿ ಹಳೆಯ ಕಾರೊಂದು ಕೊಳ್ಳುವ ಹೊತ್ತಿಗೆ ಕೈ ಬರಿದಾಗಿತ್ತು. ಆಫೀಸಿಗೆ ಹೋಗುವುದು ಹೇಗೆ ಅಂತ ನೋಡುವ ಮೊದಲು ಅಕ್ಕಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿದೆ, ಅಷ್ಟೇ. 2022ರ ನವೆಂಬರಿನಲ್ಲಿ ನೋವೈ ಇರುವ ಓಕ್ಲೆಂಡ್ ಕೌಂಟಿಯವರು (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಮತ ಹಾಕಿ ಈ ಹೊರಗುಳಿಯುವ ಪದ್ಧತಿ ತೆಗೆದರು. ನಿಮಗೆ ಅಷ್ಟು ಕಷ್ಟ ಆಗಲಿಕ್ಕಿಲ್ಲ.

ತಮಾಷೆ ಏನೆಂದರೆ, ಯಾವ ಏರಿಯಾ ಒಳ್ಳೆಯದು ಅಂತ ಕೇಳಿದಾಗ ಏಜೆಂಟ್ ಬಾಯಿಯೇ ಬಿಡಲಿಲ್ಲ. ಬಣ್ಣ ನೋಡಿ ಗಿರಾಕಿಯನ್ನು ಒಂದು ಕಡೆಗೆ ತಿರುಗಿಸುವುದು 1968ರ ಫೇರ್ ಹೌಸಿಂಗ್ ಕಾಯ್ದೆ ಪ್ರಕಾರ ತಪ್ಪು. ಆ ಕೆಲಸವನ್ನು ನಮ್ಮವರೇ ಪುಕ್ಕಟೆ ಮಾಡಿಕೊಟ್ಟರು. "ಅಲ್ಲಿ ಕರಿಯರು ಜಾಸ್ತಿ ಕಣಪ್ಪ" ಅಂತ ಪಿಸುಗುಟ್ಟಿದವರಲ್ಲಿ ಒಬ್ಬರೂ ಡೆಟ್ರಾಯ್ಟ್‌ನಲ್ಲಿ ಒಂದು ರಾತ್ರಿ ಕಳೆದವರಲ್ಲ. ಬೆಂಗಳೂರಿನಲ್ಲಿ ಮನೆ ಕೇಳಿದಾಗ "ನೀವು ಯಾವ ಜನ?" ಅನ್ನಿಸಿಕೊಂಡು ಸಿಟ್ಟಾದವರೂ ಅವರಲ್ಲಿದ್ದರು.

ಕಾರು ಬಂದ ಮೇಲೆ ಬಿರ್‌ವುಡ್ ಬೀದಿಗೆ ಹೋಗಿದ್ದೆ, 8 ಮೈಲ್ ದಾಟಿದ ತಕ್ಷಣ ಸಿಗುತ್ತದೆ. ಮನೆಗಳ ಹಿತ್ತಿಲಲ್ಲಿ ಆರಡಿ ಎತ್ತರದ, ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ. 1941ರಲ್ಲಿ ಒಬ್ಬ ಬಿಲ್ಡರ್ ಅಲ್ಲಿ ಬಿಳಿಯರಿಗೆ ಮನೆ ಕಟ್ಟಲು ಹೊರಟ. ಪಕ್ಕದಲ್ಲೇ ಕಪ್ಪು ಜನರಿದ್ದಾರೆ ಅಂತ ಫೆಡರಲ್ ಸರ್ಕಾರದ ವಸತಿ ಇಲಾಖೆ ಸಾಲಕ್ಕೆ ಗ್ಯಾರಂಟಿ ಕೊಡಲಿಲ್ಲ. ನಡುವೆ ಗೋಡೆ ಎಬ್ಬಿಸಿದ ಮೇಲೆ ಕೊಟ್ಟಿತು! ಮೈದಾನದ ಪಕ್ಕದ ಭಾಗಕ್ಕೆ ಬಣ್ಣಬಣ್ಣದ ಚಿತ್ರ ಬರೆದಿದ್ದಾರೆ. ಉಳಿದದ್ದು ಬೂದು ಬಣ್ಣ, ಗೊತ್ತಿಲ್ಲದವರು ಕಾಂಪೌಂಡ್ ಅಂದುಕೊಳ್ಳಬೇಕು. ಈಗ ಎರಡೂ ಕಡೆ ಹೆಚ್ಚಾಗಿ ಕಪ್ಪು ಜನರೇ. ಬಿಳಿಯರು 8 ಮೈಲ್ ದಾಟಿ ಉತ್ತರಕ್ಕೆ ಹೋದರು, ಜೊತೆಗೆ ತೆರಿಗೆ ದುಡ್ಡೂ ಹೋಯಿತು. 1950ರಲ್ಲಿ 18 ಲಕ್ಷ ದಾಟಿದ್ದ ಡೆಟ್ರಾಯ್ಟ್ ಜನಸಂಖ್ಯೆ 2020ರಲ್ಲಿ 6.4 ಲಕ್ಷ. ಕಪ್ಪು, ಬಿಳಿ ಮಕ್ಕಳನ್ನು ನಗರ, ಸಬರ್ಬ್ ಎರಡರ ಶಾಲೆಗಳಿಗೂ ಬೆರೆಸಿ ಕಳಿಸಿ ಅಂತ ಕೆಳಗಿನ ಕೋರ್ಟ್ ಹೇಳಿದ್ದನ್ನು ಸುಪ್ರೀಂ ಕೋರ್ಟ್ 1974ರಲ್ಲಿ 5-4ರಿಂದ ತಳ್ಳಿಹಾಕಿತು. ನಿಮಗೆ ಹೇಳುತ್ತಿರುವ 'ಒಳ್ಳೆ ಶಾಲೆ, ಸೇಫ್ ಏರಿಯಾ' ಹುಟ್ಟಿದ್ದು ಹೀಗೆ.

ಕ್ರೈಮ್ ಇಲ್ಲ ಅಂತಲ್ಲ, ಇದೆ. ಆದರೆ ಅದು ಬೀದಿಯಿಂದ ಬೀದಿಗೆ ಬದಲಾಗುತ್ತದೆ, 8 ಮೈಲ್ ನೋಡಿಕೊಂಡು ಅಲ್ಲ. ಹಾಗಾಗಿ 'ಸೇಫ್ ಏರಿಯಾ ಯಾವುದು' ಅನ್ನುವ ಪ್ರಶ್ನೆ ಬಿಡಿ. ಕಾರಿಲ್ಲದವರಿಗೆ ಡೌನ್‌ಟೌನ್‌ನಲ್ಲೇ ಅಥವಾ ಅದರ ಪಕ್ಕದ ಮಿಡ್‌ಟೌನ್‌ನಲ್ಲಿ ಸಣ್ಣ ಮನೆ ಸಾಕು. ಇವೆರಡನ್ನೂ ಜೋಡಿಸುವ ವುಡ್‌ವರ್ಡ್ ರಸ್ತೆಯಲ್ಲಿ 2017ರಿಂದ ಕ್ಯೂಲೈನ್ ಟ್ರಾಮ್ ಓಡುತ್ತಿದೆ. ಮುಂದೆ ಕಾರು ಕೊಂಡರೆ ಮಾತ್ರ ಡೆಟ್ರಾಯ್ಟ್ ವಿಳಾಸಕ್ಕೆ ಇನ್ಶೂರೆನ್ಸ್ ಜಾಸ್ತಿ ಬೀಳುತ್ತದೆ, ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.