ಕೊನೆಯ ಸಲ ಡಂಬೆಲ್ ಏಳದಿದ್ದಾಗ ಸೋತದ್ದು ತೋಳೋ, ಮನಸ್ಸೋ?

ಹತ್ತು ಸಲ ಎತ್ತಿದ ಡಂಬೆಲ್ ಹನ್ನೊಂದನೆಯ ಸಲ ಏಳುವುದಿಲ್ಲ, ಟ್ರೇನರ್ ಮಾತ್ರ ‘ಎಲ್ಲಾ ಮನಸ್ಸಲ್ಲಿದೆ’ ಅಂತಾರೆ, ಸೋತದ್ದು ಯಾವುದು ಅಂತ ಕೇಳಿದ್ದೀರಿ. ನಾನು ಶರೀರಕ್ರಿಯಾಶಾಸ್ತ್ರ ಪಾಠ ಮಾಡುವವನು. ಎರಡೂ ಅಷ್ಟಿಷ್ಟು ಸೋತಿರುತ್ತವೆ. ಆದರೆ ಮನಸ್ಸಿನ ಸೋಲು ಅನ್ನುವುದರಲ್ಲಿ ಒಂದು ಪಾಲು ತೋಳಿನಿಂದಲೇ ಹೊರಟ ದೂರು. ಅದನ್ನು ಕೇಳಿಸಿಕೊಂಡ ಮಿದುಳು ತನ್ನ ಆಜ್ಞೆಯ ಬಿರುಸು ತಗ್ಗಿಸಿರುತ್ತದೆ.

ಸ್ನಾಯುವಿನಿಂದ ಬೆನ್ನುಹುರಿಗೆ ಹೋಗುವ ನರದ ಎಳೆಗಳೆಲ್ಲ ಒಂದೇ ಬಗೆಯವಲ್ಲ. ಸ್ನಾಯು ಎಷ್ಟು ಹಿಗ್ಗಿದೆ ಎಂದು ತಿಳಿಸುವ ದಪ್ಪ ಎಳೆಗಳಲ್ಲಿ ಸುದ್ದಿ ಸೆಕೆಂಡಿಗೆ 70 ಮೀಟರಿಗೂ ಮಿಕ್ಕಿ ಓಡುತ್ತದೆ. ದಣಿವಿನ ಸುದ್ದಿ ತರುವವು ಸಪೂರದವು, ಮೂರನೆಯ ಮತ್ತು ನಾಲ್ಕನೆಯ ಗುಂಪು ಅನ್ನುತ್ತೇವೆ. ನಾಲ್ಕನೆಯದಕ್ಕೆ ಸುದ್ದಿಯ ವೇಗ ಹೆಚ್ಚಿಸುವ ಕೊಬ್ಬಿನ ಹೊದಿಕೆಯೇ (ಮಯಲಿನ್) ಇಲ್ಲ, ಅದರ ವೇಗ ಸೆಕೆಂಡಿಗೆ ಒಂದೆರಡು ಮೀಟರ್. ದುಡಿಯುವ ಸ್ನಾಯುವಿನಲ್ಲಿ ಲ್ಯಾಕ್ಟೇಟ್, ಆಮ್ಲೀಯತೆ ತರುವ ಹೈಡ್ರೋಜನ್ ಅಯಾನು, ಜೀವಕೋಶದ ಇಂಧನವಾದ ಎಟಿಪಿ ಸೇರಿಕೊಂಡಾಗ ಈ ಸಪೂರ ಎಳೆಗಳು ಚುರುಕಾಗುತ್ತವೆ. ಆ ಮೂರು ರಾಸಾಯನಿಕಗಳನ್ನು ಒಂದೊಂದಾಗಿ ಹೆಬ್ಬೆರಳಿನ ಬುಡದ ಸ್ನಾಯುವಿಗೆ ಚುಚ್ಚಿ ನೋಡಿದಾಗ ಏನೂ ಅನಿಸಲಿಲ್ಲ. ಮೂರನ್ನೂ ಬೆರೆಸಿ ಕೊಟ್ಟಾಗ, ಕೆಲಸವನ್ನೇ ಮಾಡದ ಆ ಸ್ನಾಯುವಿನಲ್ಲಿ ದಣಿವು ಕಾಣಿಸಿಕೊಂಡಿತು; ಪ್ರಮಾಣ ಏರಿಸಿದರೆ ನೋವು. ಎಲ್ಲದಕ್ಕೂ ‘ಲ್ಯಾಕ್ಟಿಕ್ ಆಸಿಡ್’ ಅನ್ನುವವರಿಗೆ ಇದನ್ನು ಹೇಳಬೇಕು.

ಈಗ ಡಂಬೆಲ್ ಎತ್ತುವ ನಿಮ್ಮ ಬೈಸೆಪ್ಸ್, ಅಂದರೆ ತೋಳಿನ ಮುಂಭಾಗದ ಸ್ನಾಯುವಿನ ವಿಷಯ. 1986ರಲ್ಲಿ ಶರೀರಕ್ರಿಯಾ ವಿಜ್ಞಾನಿ ಬ್ರೆಂಡಾ ಬಿಗ್ಲೆಂಡ್-ರಿಚಿ ಮತ್ತು ಸಂಗಡಿಗರು ಇದೇ ಸ್ನಾಯುವನ್ನು ಪೂರ್ತಿ ಬಲ ಹಾಕಿಸಿ ದಣಿಸಿದರು. ಬೆನ್ನುಹುರಿಯಿಂದ ಸ್ನಾಯುವಿಗೆ ಹೋಗುವ ನರಕೋಶಗಳ ಮಿಡಿತ ನಿಧಾನವಾಗುತ್ತ ಬಂತು. ಮೂರು ನಿಮಿಷ ವಿಶ್ರಾಂತಿ ಕೊಟ್ಟರೆ ಸರಿಹೋಯಿತು. ಆದರೆ ಬಿಪಿ ನೋಡುವಂಥ ಪಟ್ಟಿ ಬಿಗಿದು ರಕ್ತ ತಡೆದಿಟ್ಟಾಗ, ಅಷ್ಟೇ ವಿಶ್ರಾಂತಿ ಕೊಟ್ಟರೂ ಚೇತರಿಕೆ ಇಲ್ಲ; ಪಟ್ಟಿ ಸಡಿಲಿಸಿದ ಮೇಲೇ ಮಿಡಿತ ಮರಳಿತು. ದಣಿದದ್ದು ಆ ನರಕೋಶಗಳೇ ಆಗಿದ್ದರೆ ತೋಳಿನ ಪಟ್ಟಿಯಿಂದ ಅವಕ್ಕೇನಾಗಬೇಕಿತ್ತು? ಸ್ನಾಯುವಿನಲ್ಲಿ ಸಿಕ್ಕಿಕೊಂಡ ರಾಸಾಯನಿಕಗಳು ಸಪೂರ ಎಳೆಗಳನ್ನು ಕೆಣಕುತ್ತಲೇ ಇದ್ದವು ಎಂಬುದೇ ಇದಕ್ಕೆ ಹೊಂದುವ ವಿವರಣೆ. (ಮನೆಯಲ್ಲಿ ಪಟ್ಟಿ ಕಟ್ಟಿಕೊಂಡು ಪರೀಕ್ಷೆ ಮಾಡಲು ಹೋಗಬೇಡಿ.)

ಹತ್ತು ವರ್ಷದ ನಂತರ ಸಿಡ್ನಿಯ ಸೈಮನ್ ಗ್ಯಾಂಡೇವಿಯಾ ತಂಡ ಬೆನ್ನುಹುರಿಯಿಂದ ಇನ್ನೂ ಮೇಲಕ್ಕೆ, ಮಿದುಳಿನವರೆಗೆ ಹೋಯಿತು. ಮೊಣಕೈ ಮಡಿಸಲು ಶಕ್ತಿಮೀರಿ ಎಳೆಯುತ್ತಿರುವವರ ನೆತ್ತಿಯ ಮೇಲಿಂದ ಅಯಸ್ಕಾಂತದ ತುಡಿತ ಕೊಟ್ಟಾಗ, ದಣಿದ ತೋಳಿನಿಂದ ಇನ್ನಷ್ಟು ಬಲ ಹೊರಟಿತು. ಅಂದರೆ ಮಿದುಳಿನ ಚಲನಭಾಗದಲ್ಲಿ ಬಳಸದ ಶಕ್ತಿ ಉಳಿದಿತ್ತು. ಅದನ್ನು ಹೊರಡಿಸುವ ಪ್ರೇರಣೆಯೇ ಮೇಲಿನಿಂದ ಕುಗ್ಗಿತ್ತು. ರಕ್ತ ತಡೆದಿಟ್ಟಷ್ಟು ಹೊತ್ತೂ ಆ ಕುಗ್ಗುವಿಕೆ ಹೋಗಲಿಲ್ಲ. ನಿಮ್ಮ ಟ್ರೇನರ್ ಗೆದ್ದೆ ಅನ್ನಬಹುದು. ಆದರೆ ತೋಳಿನ ರಕ್ತ ಬಿಟ್ಟರೆ ಸರಿಹೋಗುವುದನ್ನು ಮನಸ್ಸಿನ ದೌರ್ಬಲ್ಯ ಅನ್ನಲು ನಾನು ಒಪ್ಪುವುದಿಲ್ಲ.

ಹಾಗಾದರೆ ಈ ದೂರನ್ನೇ ಅಡಗಿಸಿದರೆ? ಅದೂ ಆಗಿದೆ. 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಮಾರ್ಕಸ್ ಅಮಾನ್ ತಂಡದವರು ಸೈಕಲ್ ಪಟುಗಳ ಸೊಂಟದ ಬಳಿ ಬೆನ್ನುಹುರಿಯ ದ್ರವಕ್ಕೆ ಫೆಂಟನಿಲ್ ಎಂಬ ಪ್ರಬಲ ನೋವುನಿವಾರಕ ಚುಚ್ಚಿ, 5 ಕಿಲೋಮೀಟರ್ ಓಡಿಸಲು ಹೇಳಿದರು. ಕಾಲಿನ ಬಲಕ್ಕೆ ಧಕ್ಕೆಯಿಲ್ಲ, ಕಾಲಿನ ಸುದ್ದಿ ಮಾತ್ರ ಬಹುಮಟ್ಟಿಗೆ ಬಂದ್. ಶುರುವಿನಲ್ಲಿ ಎಂದಿಗಿಂತ ಜೋರಾಗಿ ತುಳಿದರು, ಕೊನೆಗೆ ಕುಸಿದರು. ಒಟ್ಟು ಸಮಯದಲ್ಲಿ ಲಾಭವೇನೂ ಆಗಲಿಲ್ಲ. ತೊಡೆಯ ಸ್ನಾಯು ಮಾಮೂಲಿಗಿಂತ ಎಷ್ಟೋ ಹೆಚ್ಚು ಬಸವಳಿದು, ಇಳಿದ ಮೇಲೆ ನಡೆಯುವುದೂ ಕಷ್ಟವಾಯಿತು.

ಹಾಗಾಗಿ ಹನ್ನೊಂದನೆಯದಕ್ಕೆ ಗುದ್ದಾಡುವ ಬದಲು ಡಂಬೆಲ್ ಕೆಳಗಿಡಿ. ಬಿಗಿಹಿಡಿದ ಸ್ನಾಯು ತನ್ನ ರಕ್ತನಾಳಗಳನ್ನು ತಾನೇ ಒತ್ತಿ ಮುಚ್ಚುತ್ತದೆ, ಆದ್ದರಿಂದ ಮುಷ್ಟಿ ಬಿಚ್ಚಿ ತೋಳು ಸಡಿಲವಾಗಿ ಬಿಟ್ಟು ಎರಡು ಮೂರು ನಿಮಿಷ ಓಡಾಡಿ, ಆಮೇಲೆ ಮುಂದಿನ ಸುತ್ತು ಹಿಡಿಯಿರಿ.