ಚಳಿ ಬಿಡುವ ಹೊತ್ತಿಗೆ ಅಂಗಳದಲ್ಲೂ ಗುಡ್ಡೆಯಲ್ಲೂ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಮಕರ ಮುಗಿದು ಕುಂಭ ಹಿಡಿಯುವ ಈ ದಿನಗಳಲ್ಲಿ ನಮ್ಮ ಕಾಸರಗೋಡಿನ ಹಳ್ಳಿಮನೆಗಳಿಗೆ ದಿನಕ್ಕೆ ಎರಡು ಹವೆ. ಬೆಳಿಗ್ಗೆ ಬಚ್ಚಲೊಲೆ ಬಿಟ್ಟು ಏಳಲು ಮನಸ್ಸಾಗುವುದಿಲ್ಲ, ಮಧ್ಯಾಹ್ನ ಮಜ್ಜಿಗೆ ನೀರಿಲ್ಲದೆ ಕೂರಲಾಗುವುದಿಲ್ಲ. ಬಂದ ಪತ್ರಗಳೂ ಹಾಗೆಯೇ ಇವೆ. ಒಬ್ಬರಿಗೆ ಇಬ್ಬನಿಯ ಚಿಂತೆ, ಇನ್ನೊಬ್ಬರಿಗೆ ನೀರಿನದು. ಆದರೆ ಹೆಚ್ಚಿನವರು ಪತ್ರದ ಕೊನೆಗೆ ಕೇಳುವುದು ಒಂದೇ ಮಾತು: "ಇದಕ್ಕೆ ಎಂಥ ಮದ್ದು ಬಿಡಬೇಕು?" ಈ ಸಲ ಆರಿಸಿಕೊಂಡ ಐದು ಪ್ರಶ್ನೆಗಳಲ್ಲಿ ಒಂದಕ್ಕೂ ಮದ್ದು ಬೇಡ.

ಅಂಗಳದಲ್ಲಿ ಹರಡಿದ ಅಡಿಕೆಗೆ ಇಬ್ಬನಿ ಬೀಳುತ್ತದೆಂದು ದಿನಾ ಸಂಜೆ ಟರ್ಪಾಲು ಹೊದೆಸುತ್ತಿದ್ದೇವೆ. ಆದರೂ ಸುಲಿದು ನೋಡಿದರೆ ಕೆಲವಕ್ಕೆ ಬೂಸ್ಟು, ಕೆಲವು ಒಳಗೆ ಕಪ್ಪು. ಸಿಮೆಂಟಿನ ಅಂಗಳ ಮಾಡಿಸಬೇಕೆ? ಏನಾದರೂ ಸಿಂಪಡಿಸಬಹುದೆ? (ಗೃಹಿಣಿ, ಬದಿಯಡ್ಕ)

ಅಕ್ಕ, ನಾಳೆ ಬೆಳಿಗ್ಗೆ ಏಳು ಗಂಟೆಗೆ ಟರ್ಪಾಲಿನ ಒಂದು ಮೂಲೆ ಎತ್ತಿ ಒಳಮೈ ಸವರಿ ನೋಡಿ. ಕೈ ಒದ್ದೆಯಾದರೆ ಆ ನೀರು ಆಕಾಶದಿಂದ ಬಿದ್ದದ್ದಲ್ಲ, ನಿಮ್ಮ ಅಡಿಕೆಯೇ ಬೆವರಿದ್ದು. ಹೊಸದಾಗಿ ಕೊಯ್ದ ಹಣ್ಣಡಿಕೆಯ ಸಿಪ್ಪೆಯಲ್ಲಿ ನೀರು ಧಾರಾಳ ಇರುತ್ತದೆ. ಹಗಲಿಡೀ ಕಾದ ಅಡಿಕೆಯ ಮೇಲೆ ಸಂಜೆ ಪ್ಲಾಸ್ಟಿಕ್ ಹೊದೆಸಿದರೆ ಆ ಹಬೆಗೆ ಹೋಗಲು ದಾರಿಯಿಲ್ಲ. ರಾತ್ರಿ ಟರ್ಪಾಲು ತಣಿದಾಗ ಅದು ಹನಿಯಾಗಿ ಮರಳಿ ಅಡಿಕೆಯ ಮೇಲೆಯೇ ಬೀಳುತ್ತದೆ. ಬೂಸ್ಟಿಗೆ ಇದಕ್ಕಿಂತ ಒಳ್ಳೆಯ ಹಾಸಿಗೆ ಬೇರೆ ಇಲ್ಲ.

ಇಬ್ಬನಿ ನೆನೆಸುವುದು ಸಿಪ್ಪೆಯ ಹೊರಮೈಯನ್ನು ಮಾತ್ರ. ಹತ್ತು ಗಂಟೆಯ ಬಿಸಿಲಿಗೆ ಅದು ಆರಿಹೋಗುತ್ತದೆ. ಹಾಗಾಗಿ ಮೊದಲ ಹತ್ತು ಹನ್ನೆರಡು ದಿನ ಮುಚ್ಚಲೇಬೇಡಿ. ಮೋಡ ಕವಿದು ಮಳೆಯ ಹೆದರಿಕೆ ಇದ್ದರೆ ನಾಲ್ಕು ಅಡಿಕೆ ಸಲಾಕೆ ಅಡ್ಡ ಇಟ್ಟು, ಅಡಿಕೆಗೆ ತಾಗದಂತೆ, ಬದಿಯಿಂದ ಗಾಳಿ ಆಡುವಂತೆ ಟರ್ಪಾಲು ಎತ್ತರಿಸಿ ಕಟ್ಟಿ. ಬಿಸಿಲು ಬಂದೊಡನೆ ತೆಗೆಯಿರಿ, ಕಾಫಿ ಕುಡಿದು ಆಮೇಲೆ ಎನ್ನಬೇಡಿ. ಸೋಲಾರ್ ಗೂಡು ಮಾಡಿದವರ ತಪ್ಪೂ ಇದೇ ಜಾತಿಯದು. ಸುತ್ತಲೂ ಬಿಗಿಯಾಗಿ ಶೀಟು ಹೊಡೆದು, ಮೇಲೆ ಹಬೆ ಹೋಗಲು ಕಿಂಡಿ ಇಡದೆ, ಒಳಗೆ ಸೆಕೆಯಾಗುತ್ತಿದೆ ಎಂದು ಖುಷಿಪಡುತ್ತಾರೆ. ಒಣಗಲು ಸೆಕೆಯಷ್ಟೇ ಸಾಲದು, ನೀರಿನ ಹಬೆ ಹೊರಗೆ ಹೋಗಬೇಕು.

ಇನ್ನೊಂದು ಸಂಶಯವಿದೆ. ಎರಡನೇ ಕೊಯ್ಲಿನ ಅಡಿಕೆಯನ್ನು ಜಾಗ ಸಾಲದೆ ಮೊದಲ ಕೊಯ್ಲಿನದರ ಮೇಲೆ ಸುರಿದಿದ್ದೀರಾ? ಪತ್ರದಲ್ಲಿ ಹೇಳಿಲ್ಲ, ಆದರೆ ಹತ್ತರಲ್ಲಿ ಎಂಟು ಅಂಗಳಗಳಲ್ಲಿ ನಾನು ಕಂಡದ್ದು ಅದನ್ನೇ. ಅರ್ಧ ಒಣಗಿದ್ದು ಹಸಿಯ ನೀರು ಎಳೆದುಕೊಳ್ಳುತ್ತದೆ, ಎರಡೂ ಕೆಡುತ್ತವೆ. ನಡುವೆ ಒಂದು ಬಾಳೆದಿಂಡು ಅಡ್ಡ ಇಟ್ಟು ಬೇರೆ ಮಾಡಿದರೂ ಸಾಕು. ಚಾಲಿಗೆ, ಅಂದರೆ ಸಿಪ್ಪೆ ಸಮೇತ ಒಣಗಿಸಿ ಆಮೇಲೆ ಸುಲಿಯುವ ಅಡಿಕೆಗೆ, 35ರಿಂದ 40 ದಿನದ ಒಳ್ಳೆಯ ಬಿಸಿಲು ಬೇಕು, ಅದೂ ಒಂದೇ ಪದರವಾಗಿ ಹರಡಿದರೆ. ವಾರಕ್ಕೊಮ್ಮೆಯಾದರೂ ತಿರುಗಿಸಬೇಕು. ನಮ್ಮಲ್ಲಿ ಈ ಕೆಲಸ ಮಕ್ಕಳದ್ದಾಗಿತ್ತು. ಶಾಲೆಯಿಂದ ಬಂದು ಅಂಗಳದ ಈ ತುದಿಯಿಂದ ಆ ತುದಿಗೆ ಅಡಿಕೆಯ ನಡುವೆ ಕಾಲೆಳೆಯುತ್ತ ನಡೆಯಬೇಕು. ಹಿಂದೆ ಗೀಟು ಗೀಟಾಗಿ ನೆಲ ಕಾಣುತ್ತ ಹೋಗುತ್ತಿತ್ತು.

ಒಣಗಿತೇ ಎಂದು ನೋಡಲು ಮೊದಲು ಕಿವಿ ಹತ್ತಿರ ಕುಲುಕಿ. ಸಿಪ್ಪೆಯ ಒಳಗಿನ ಬೀಜ ಅಲುಗಾಡಿ ಸದ್ದಾಗಬೇಕು. ಬಳಿಕ ಅಂಗಳದ ಬೇರೆ ಬೇರೆ ಕಡೆಯಿಂದ ಆರಿಸಿದ ಹತ್ತು ಅಡಿಕೆ ಸುಲಿದು ಅಡಕತ್ತರಿಗೆ ಕೊಡಿ. ಕಟ್ ಎಂದು ಸಿಡಿದರೆ ಸರಿ, ಮೆತ್ತಗೆ ಕುಯ್ದರೆ ಇನ್ನೂ ಬಿಸಿಲು ಬೇಕು. ತೋಟದಲ್ಲಿ ಉದುರಿದ್ದನ್ನು ಮೂರು ನಾಲ್ಕು ದಿನಕ್ಕೊಮ್ಮೆ ಹೆಕ್ಕಿಸಿ. ಸ್ಪ್ರಿಂಕ್ಲರ್ ನೀರು ಬೀಳುವ ನೆಲದಲ್ಲಿ ಎರಡು ವಾರ ಬಿದ್ದ ಅಡಿಕೆ ಅಂಗಳಕ್ಕೆ ಬರುವ ಮೊದಲೇ ಕೆಟ್ಟಿರುತ್ತದೆ.

ಸಿಮೆಂಟು ಅಂಗಳ ಒಳ್ಳೆಯದೇ, ಬೇಗ ಕಾಯುತ್ತದೆ, ಮಣ್ಣು ಹಿಡಿಯುವುದಿಲ್ಲ. ಆದರೆ ನಿಮ್ಮ ಬೂಸ್ಟಿಗೆ ಸಗಣಿ ಸಾರಿಸಿದ ಅಂಗಳ ಕಾರಣವಲ್ಲ. ಸಿಂಪಡಿಸುವ ಮಾತಂತೂ ಬಿಡಿ. ಅದು ಜನ ಬಾಯಿಗೆ ಹಾಕಿಕೊಳ್ಳುವ ಸರಕು. ಬೂಸ್ಟು ಹಿಡಿದದ್ದನ್ನು ಒಳ್ಳೆಯದರ ಜೊತೆ ಬೆರೆಸಲೂ ಬೇಡಿ. ಕೆಲವು ಜಾತಿಯ ಬೂಸ್ಟು ಅಫ್ಲಾಟಾಕ್ಸಿನ್ ಎಂಬ ವಿಷ ಮಾಡುತ್ತದೆ.

ನಮ್ಮದು ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಹರಿದು ಬರುವ ನೀರು. ಅಜ್ಜನ ಕಾಲದಲ್ಲಿ ಪತ್ತನಾಜೆವರೆಗೆ (ಮೇ ಕೊನೆಯವರೆಗೆ) ಬರುತ್ತಿತ್ತಂತೆ. ಈಗ ಶಿವರಾತ್ರಿಗೇ ನೂಲಿನಷ್ಟಾಗುತ್ತದೆ. ಇನ್ನೂ ಒಳಗೆ ಕೊರೆಸಬೇಕೆ, ಬೋರ್‌ವೆಲ್‌ಗೆ ಹೋಗಬೇಕೆ? (ಕೃಷಿಕ, ಪೆರ್ಲ)

ಎರಡೂ ಈಗಲೇ ಬೇಡ. ಮೊದಲು ಒಂದು ಕೊಡಪಾನ ಮತ್ತು ಗಡಿಯಾರ ತೆಗೆದುಕೊಂಡು ಹೋಗಿ. 15 ಲೀಟರಿನ ಕೊಡ ತುಂಬಲು ಎಷ್ಟು ಹೊತ್ತು? ಕಾಲು ಗಂಟೆ ಎಂದಿಟ್ಟುಕೊಳ್ಳಿ. ಅಂದರೆ ನಿಮಿಷಕ್ಕೆ ಒಂದು ಲೀಟರ್, ದಿನಕ್ಕೆ 1440 ಲೀಟರ್. ನೀವು "ನೂಲಿನಷ್ಟು" ಎಂದು ಬರೆದ ನೀರು ಇದು. ಇದರಲ್ಲಿ ಅರ್ಧ, 720 ಲೀಟರ್, ನೀವು ಮಲಗಿರುವಾಗ ಹರಿದು ತೋಡು ಸೇರುತ್ತಿದೆ. ರಾತ್ರಿಯ ನೀರು ಹಿಡಿಯಲು ಸುರಂಗದ ಬಾಯಿಯಲ್ಲಿ ಟ್ಯಾಂಕಿ ಇಲ್ಲದಿದ್ದರೆ ಮೊದಲ ಖರ್ಚು ಅದಕ್ಕೇ. ಹನಿ ನೀರಾವರಿಯಲ್ಲಿ ಒಂದು ಅಡಿಕೆ ಮರಕ್ಕೆ ದಿನಕ್ಕೆ 16ರಿಂದ 20 ಲೀಟರ್ ಸಾಕು. ಮನೆ ಬಳಕೆಗೆ ಬೇಕಾದ್ದು ತೆಗೆದರೂ ನಲವತ್ತು ಐವತ್ತು ಮರ ಈ ನೂಲಿನಲ್ಲೇ ಬದುಕುತ್ತವೆ. ಬುಡಕ್ಕೆ ಸೋಗೆ, ತರಗೆಲೆ ದಪ್ಪಕ್ಕೆ ಹಾಸಿದ್ದರೆ ಇನ್ನೂ ನಾಲ್ಕು ಹೆಚ್ಚು.

ಆಮೇಲೆ ಸುರಂಗದ ಒಳಗೆ ನೋಡಬೇಕು. ಒಬ್ಬರೇ ಹೋಗಬೇಡಿ, ಬಾಯಿಯಲ್ಲಿ ಒಬ್ಬರು ನಿಂತಿರಲಿ. ಸುರಂಗದ ಮಾಡು (ಮೇಲಿನ ಚಾವಣಿ) ಉದುರಿದ ಗುರುತಿದ್ದರೆ ಅಥವಾ ಉಸಿರು ಕಟ್ಟಿದ ಹಾಗಾದರೆ ಅಲ್ಲಿಂದಲೇ ತಿರುಗಿ. ಒಳಗೆ ನೀರು ಕಟ್ಟಲು ಹಾಕಿದ ಮಣ್ಣಿನ ದಂಡೆಯಲ್ಲಿ ಏಡಿ ತೂತು ಮಾಡಿರುವುದು, ಪೈಪಿನ ಬಾಯಿಗೆ ಹೂಳು ತುಂಬಿರುವುದು, ಎಲ್ಲೋ ಒಂದು ಬೇರು ಇಳಿದು ನೀರಿನ ದಾರಿ ತಪ್ಪಿಸಿರುವುದು ಸಾಮಾನ್ಯ. ಅರ್ಧ ದಿನದ ಜೇಡಿಮಣ್ಣಿನ ಕೆಲಸ.

ಇದೆಲ್ಲ ಸರಿಯಿದ್ದೂ ಒರತೆಯೇ ಸೊರಗಿದ್ದರೆ ಕಾರಣ ಸುರಂಗದ ಒಳಗಿಲ್ಲ, ನೆತ್ತಿಯ ಗುಡ್ಡೆಯಲ್ಲಿದೆ. ಸುರಂಗಕ್ಕೆ ಬರುವುದು ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡೆ ಮಳೆಗಾಲದಲ್ಲಿ ಕುಡಿದ ನೀರು. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ, ಅದರಲ್ಲಿ ದೊಡ್ಡ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ತೋಡು, ಹೊಳೆ ಹಿಡಿದು ಸಮುದ್ರ ಸೇರುತ್ತದೆ. ಅಜ್ಜನ ಕಾಲದಲ್ಲಿ ಆ ಗುಡ್ಡೆಯಲ್ಲಿ ಏನಿತ್ತು, ಈಗ ಏನಿದೆ ಎಂದು ಹತ್ತಿ ನೋಡಿ. ಕಲ್ಲಿನ ಕೋರೆ ಬಂದಿದೆಯೆ, ಮಣ್ಣು ಕಡಿದು ಸಮ ಮಾಡಿದ್ದಾರೆಯೆ, ಬೇಲಿಯಾಚೆ ಹೊಸ ಬೋರ್‌ವೆಲ್ ಇದೆಯೆ? ನಿಮ್ಮದೇ ಜಾಗವಾದರೆ ಮಳೆಗೆ ಮೊದಲು ಇಳಿಜಾರಿಗೆ ಅಡ್ಡವಾಗಿ ಇಂಗು ಗುಂಡಿ, ತಡೆ ಅಗಳು ತೆಗೆಸಿ. ಸುರಂಗದ ಮಾಡಿನ ನೇರ ಮೇಲೆ ಮಾತ್ರ ಬೇಡ, ಕುಸಿಯುತ್ತದೆ. ಫಲ ಒಂದೇ ವರ್ಷದಲ್ಲಿ ಕಾಣದಿರಬಹುದು.

ಒಳಗೆ ಕೊರೆಸುವುದು ಕೊನೆಯ ಮಾತು. ಗಡಿಯಾಚೆ ಅಡ್ಯನಡ್ಕದ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ನಿಂತು ಗುಡ್ಡೆಯಲ್ಲಿ ಸುರಂಗದ ಮೇಲೆ ಸುರಂಗ ಕೊರೆದು, ಹಲವು ಬರಿದಾದ ಮೇಲೆ ನೀರು ಕಂಡವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಹೆಸರು ಹೇಳಿ ಹುರುಪಿನಿಂದ ಹೊರಡುವವರು ಆ ಬರಿದಾದ ಸುರಂಗಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗ ಈ ಕೆಲಸ ಬಲ್ಲವರು ಬೆರಳೆಣಿಕೆಯಷ್ಟು. ಬಲ್ಲವರು ಬಂದು ಗುಡ್ಡೆ ನೋಡಿ "ಆಗಬಹುದು" ಎಂದರೆ ಮಾತ್ರ.

ಎರಡು ಪೆಟ್ಟಿಗೆ ತುಡುವೆ ಜೇನು ಇಟ್ಟಿದ್ದೇನೆ. ಕಳೆದ ವಾರ ಒಂದರಿಂದ ಅರ್ಧ ನೊಣ ಎದ್ದು ಹೋಗಿ ಹಲಸಿನ ಮರದ ತುದಿಯಲ್ಲಿ ಕೂತು, ಮಾರನೆ ದಿನ ಕಾಣೆ. ಪಕ್ಕದ ತೋಟದಲ್ಲಿ ರಬ್ಬರ್ ಈಗಷ್ಟೇ ಚಿಗುರಿದೆ. ಜೇನು ಬರುವ ಹೊತ್ತಿಗೇ ಹೀಗೇಕೆ? (ಯುವಕ, ಮುಳ್ಳೇರಿಯ)

ಜೇನು ಬರುವ ಹೊತ್ತಾದ್ದರಿಂದಲೇ. ಕುಟುಂಬ ತುಂಬಿತು, ಹೊರಗೆ ಮೇವು ಇದೆ, ಪಾಲಾಗಲು ಅವಕ್ಕೆ ಇದೇ ಸುಮುಹೂರ್ತ. ಹಳೆ ರಾಣಿ ಅರ್ಧ ನೊಣ ಕಟ್ಟಿಕೊಂಡು ಹೊರಟಿತು, ಅಷ್ಟೆ. ರೋಗವಲ್ಲ.

ರಬ್ಬರ್ ತೋಟಕ್ಕೆ ಹೋಗಿ ಒಂದು ಎಳೆಯ ಎಲೆ ಹಿಡಿದು ನೋಡಿ. ಮೂರು ಎಲೆಗಳು ತೊಟ್ಟಿಗೆ ಸೇರುವ ಕಡೆ ಸಣ್ಣ ಗಂಟುಗಳಿವೆ, ಬೆಳಗಿನ ಹೊತ್ತು ಅಲ್ಲಿ ಮಿನುಗುವ ಹನಿ ಕಾಣುತ್ತದೆ. ಬೆರಳಿಗೆ ಅಂಟುತ್ತದೆ, ನಾಲಿಗೆಗೆ ಸಿಹಿ. ನಮ್ಮ ಕಡೆಯ ರಬ್ಬರ್ ಜೇನು ಹೂವಿನದ್ದಲ್ಲ, ಈ ಗಂಟುಗಳದ್ದು. ಎಲೆ ಬಲಿತಂತೆ ಹನಿ ನಿಲ್ಲುತ್ತದೆ, ಆದ್ದರಿಂದ ನಿಮಗಿರುವುದು ಕೆಲವೇ ವಾರ.

ಉಳಿದ ಇನ್ನೊಂದು ಪೆಟ್ಟಿಗೆಯನ್ನು ವಾರಕ್ಕೊಮ್ಮೆ ತಪ್ಪದೆ ತೆರೆಯಿರಿ. ಮೊದಲ ಸೂಚನೆ ಮೇಣದ ಎರಿಯಲ್ಲಿ ಗಂಡು ನೊಣ ಬೆಳೆಯುವ ಕಣಗಳು. ಮುಚ್ಚಳ ಚೂಪಾಗಿ ಎದ್ದು, ನಡುವೆ ಸೂಜಿಯಲ್ಲಿ ಚುಚ್ಚಿದಂಥ ತೂತು ಇರುತ್ತದೆ. ಅದಾದ ಮೇಲೆ ಎರಿಯ ಕೆಳ ಅಂಚಿನಲ್ಲಿ ತಲೆಕೆಳಗಾಗಿ ತೂಗುವ ರಾಣಿ ಕಣಗಳು ಬರುತ್ತವೆ. ಅವು ಮುಚ್ಚಿಕೊಳ್ಳುವ ಮೊದಲು ನೀವು ಪಾಲು ಮಾಡಿದರೆ ಎರಡು ಕುಟುಂಬ ನಿಮ್ಮದು. ಇಲ್ಲದಿದ್ದರೆ ಒಂದು ಕಾಡಿನದು. ಪಾಲು ಬೇಡ, ಜೇನೇ ಬೇಕು ಎಂದಾದರೆ ಆ ಕಣಗಳನ್ನು ಕತ್ತರಿಸಿ, ಮೇಲೆ ಜೇನುಕೋಣೆ ಇಟ್ಟು ಜಾಗ ಕೊಡಿ. ಎದ್ದು ಹೋದ ಪೆಟ್ಟಿಗೆಯಲ್ಲಿ ಒಂದು ಒಳ್ಳೆಯ ರಾಣಿ ಕಣ ಉಳಿಸಿ ಉಳಿದವು ತೆಗೆಯಿರಿ, ಮತ್ತೆ ಮತ್ತೆ ತೆರೆದು ನೋಡಬೇಡಿ. ಅದರಿಂದ ಈ ವರ್ಷ ಹೆಚ್ಚು ಜೇನಿನ ಆಸೆ ಬೇಡ.

ಹಲಸಿನ ಮರದಲ್ಲಿ ಮಿಡಿ ತುಂಬ ಬಿಟ್ಟಿದೆ. ಆದರೆ ಬೆರಳುದ್ದ ಆಗುವಾಗ ಕಪ್ಪಾಗಿ, ಬೂದಿ ಬಣ್ಣದ ಬೂಸ್ಟು ಬಂದು ಉದುರುತ್ತಿದೆ. ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಬಿಡಬಹುದೆ? (ಮೀಯಪದವು)

ಉದುರಿದ ಒಂದನ್ನು ಹೆಕ್ಕಿ ತೊಟ್ಟು ನೋಡಿ. ತೊಟ್ಟು ಸಪೂರ, ಮೈ ನುಣುಪಾಗಿದ್ದರೆ ಅದು ಗಂಡು. ಹಳದಿ ಹುಡಿ ಉದುರಿಸಿ ಅದರ ಕೆಲಸ ಮುಗಿಯಿತು, ಬಿತ್ತು. ಬಿದ್ದದ್ದಕ್ಕೆ ಬೂಸ್ಟು ಬಂತು. ಗುಜ್ಜೆ, ಅಂದರೆ ಎಳೆ ಹಲಸಿನಕಾಯಿ, ಆಗುವುದು ಹೆಣ್ಣು ಮಿಡಿ. ಅದರ ತೊಟ್ಟು ದಪ್ಪ, ಮಿಡಿ ಸೇರುವಲ್ಲಿ ಬಳೆ ತೊಡಿಸಿದ ಹಾಗೆ ಒಂದು ಉಂಗುರ, ಮೈಯೆಲ್ಲ ಮುಳ್ಳುಮುಳ್ಳು. ಹೆಚ್ಚಾಗಿ ಕಾಂಡಕ್ಕೆ, ದಪ್ಪ ಗೆಲ್ಲಿಗೆ ಅಂಟಿಕೊಂಡಿರುತ್ತದೆ. ಅವು ನಿಂತಿದ್ದರೆ ನಿಮ್ಮ ಮರ ಸುಖವಾಗಿದೆ. ಗಂಡು ಮಿಡಿಯನ್ನು ಎಳತಿರುವಾಗ ಕೊಯ್ದು ಉಪ್ಪು, ಹಸಿಮೆಣಸು ಜಜ್ಜಿ ತಿನ್ನುವುದು ನಮ್ಮ ಕಾಲದ ಮಕ್ಕಳಿಗೆ ಗೊತ್ತಿತ್ತು.

ಇಂಗು ಗುಂಡಿ ತೆಗೆಸಲು ಜೆಸಿಬಿ ತರಿಸಿದ್ದೆ. ಕೆಡ್ಡಸದ ಮೂರು ದಿನ ನೆಲ ಅಗೆಯಬಾರದೆಂದು ಅಜ್ಜಿ ವಾಪಸು ಕಳುಹಿಸಿದರು. ಇದಕ್ಕೆ ವಿಜ್ಞಾನದ ಆಧಾರ ಇದೆಯೆ? (ಗಲ್ಫಿನಿಂದ ಮರಳಿದವರು, ಕುಂಬಳೆ)

ಭೂಮಿತಾಯಿ ಮುಟ್ಟಾಗುವ ದಿನಗಳೆಂದು ತುಳುವರು ಪೊನ್ನಿ ತಿಂಗಳ ಕೊನೆಗೆ ಆಚರಿಸುವುದು ಕೆಡ್ಡಸ. ಉಳುವುದಿಲ್ಲ, ಅಗೆಯುವುದಿಲ್ಲ, ಕೊನೆಯ ದಿನ ನೆಲಕ್ಕೆ ಎಣ್ಣೆ ಬಿಡುತ್ತಾರೆ. ಇದಕ್ಕೆ ವಿಜ್ಞಾನದ ಬಾಲ ಅಂಟಿಸುವ ಕೆಲಸ ನಾನು ಮಾಡುವುದಿಲ್ಲ, ಅಜ್ಜಿಗೂ ಅದು ಬೇಕಿಲ್ಲ. ಗುಂಡಿಯ ಲೆಕ್ಕ ಮಾತ್ರ ಹೇಳುತ್ತೇನೆ: ಮಳೆಗೆ ಇನ್ನೂ ಮೂರೂವರೆ ತಿಂಗಳಿದೆ. ನಾಲ್ಕನೇ ದಿನ ಜೆಸಿಬಿಗೆ ಮತ್ತೆ ಫೋನ್ ಮಾಡಿ. ಅಷ್ಟರಲ್ಲಿ ಗುಡ್ಡೆ ಹತ್ತಿ, ಕಳೆದ ಮಳೆಗೆ ನೀರು ಎಲ್ಲಿ ಕೊರೆದು ಹರಿದಿದೆ ಎಂದು ನೋಡಿ ಗೂಟ ಹೊಡೆಯುವ ಜಾಗಕ್ಕೆ ಒಂದೊಂದು ಕಲ್ಲಿಟ್ಟು ಬನ್ನಿ. ಗೂಟ ಹೊಡೆಯುವುದು ಆಮೇಲೆ, ಅಜ್ಜಿ ಅದಕ್ಕೂ ಬಿಡಲಿಕ್ಕಿಲ್ಲ.